ರೂಟರ್ ಆಫ್ ಮಾಡುವ ಮುಂಚೆ ಎರಡು ನಿಮಿಷ: ಪ್ರೊಸೆಸರ್ ಲೋಡ್ ಮತ್ತು ಕ್ರ್ಯಾಶ್ ಹಿಡಿಯುವ ಬಗೆ

"ಸಾರ್, ನೆಟ್ ಮತ್ತೆ ನಿಂತ್‌ಹೋಯ್ತು. ಆಫ್ ಮಾಡಿ ಆನ್ ಮಾಡ್ಲಾ?"

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಿಂದ ಮೂರು ವಾರ ಈ ಫೋನ್ ದಿನಾ ಬರುತ್ತಿತ್ತು. ಹೊತ್ತು ಹೆಚ್ಚುಕಡಿಮೆ ಬೆಳಗ್ಗೆ ಹನ್ನೊಂದು. ಅಲ್ಲಿ ಲೆಕ್ಕ ನೋಡಿಕೊಳ್ಳುವ ಹುಡುಗ ಕೇಳುತ್ತಿದ್ದ, ನಾನು "ಮಾಡಪ್ಪ" ಎನ್ನುತ್ತಿದ್ದೆ. ಐದು ನಿಮಿಷಕ್ಕೆ ಎಲ್ಲ ಸರಿ. ಮರುದಿನ ಮತ್ತೆ ಅದೇ. ರೂಟರ್ ಹಳೆಯದಾಯಿತು, ಹೊಸದು ತೆಗೆಯೋಣ ಎಂದು ಮಾಲೀಕರು ಕೊಟೇಶನ್ ಕೂಡ ತರಿಸಿದ್ದರು. ಆಮೇಲೆ ಒಂದು ದಿನ ಹತ್ತೂವರೆಗೇ ಹೋಗಿ ರೂಟರ್ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹನ್ನೊಂದೂ ಹತ್ತಕ್ಕೆ ಕಾರಣ ಕೈಗೆ ಸಿಕ್ಕಿತು. ಅದು ಮೊದಲ ದಿನವೇ ಸಿಗಬಹುದಿತ್ತು. ಪ್ರತಿ ಸಲ ಆಫ್ ಮಾಡಿಸಿ ಸಾಕ್ಷಿಯನ್ನು ನಾನೇ ಅಳಿಸುತ್ತಿದ್ದೆ.

ರೂಟರ್‌ನ ಲಾಗ್, ಯಾವ ಕೆಲಸಕ್ಕೆ ಎಷ್ಟು ಪ್ರೊಸೆಸರ್ ಹೋಗಿದೆ ಎಂಬ ಲೆಕ್ಕ, ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಹಾರ್ಡ್‌ವೇರ್ ವಿಳಾಸದ್ದು ಎಂಬ ಪಟ್ಟಿ), ಎಲ್ಲ ಇರುವುದು ರ್ಯಾಮ್‌ನಲ್ಲಿ. ಕರೆಂಟ್ ತೆಗೆದರೆ ಅವೂ ಹೋದವು. ಅದಕ್ಕೇ ಎದುರಿಗಿರುವವರು ಎಷ್ಟೇ ಅವಸರ ಮಾಡಲಿ, ಎರಡು ನಿಮಿಷ ಕೇಳಿ ಪಡೆಯಿರಿ.

ಆ ಎರಡು ನಿಮಿಷದಲ್ಲಿ ಏನು ಮಾಡಬೇಕು? ಮೊದಲು ಸಿಸ್ಕೋ ಕಂಪನಿಯ ಐಒಎಸ್ (ಅದರ ಆಪರೇಟಿಂಗ್ ಸಿಸ್ಟಮ್) ಓಡುವ ರೂಟರ್‌ಗಳ ಮಾತು, ಮೈಕ್ರೋಟಿಕ್ ಕಂಪನಿಯವು ಆಮೇಲೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ರೂಟರ್‌ಗೆ ಇಂಗ್ಲಿಷ್‌ನಲ್ಲಿ ಹೊಡೆಯಿರಿ.

ಲೋಡ್ ಮೇಲೇರಿದಾಗ ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಟೆಲ್ನೆಟ್, ಎಸ್‌ಎಸ್‌ಎಚ್ ಒಳಗೆ ಬಿಡದೇ ಇರಬಹುದು. ರೂಟರ್‌ಗೆ ನೇರ ಚುಚ್ಚುವ ಕನ್ಸೋಲ್ ಕೇಬಲ್ ಬ್ಯಾಗಿನಲ್ಲಿ ಇರಲೇಬೇಕು. ಪುಟ್ಟಿ (ಕಮಾಂಡ್ ಹೊಡೆಯುವ ಸಾಫ್ಟ್‌ವೇರ್) ತೆರೆದ ಕೂಡಲೇ ಪರದೆಯ ಮೇಲೆ ಬರುವುದೆಲ್ಲ ಫೈಲ್‌ಗೆ ಸೇವ್ ಆಗುವ ಹಾಗೆ ಹಾಕಿಕೊಳ್ಳಿ. ಆಮೇಲೆ ಇವು:

ಟರ್ಮಿನಲ್ ಲೆಂಗ್ತ್ 0
ಶೋ ಕ್ಲಾಕ್
ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್
ಶೋ ಪ್ರೊಸೆಸಸ್ ಸಿಪಿಯು ಹಿಸ್ಟರಿ
ಶೋ ಇಂಟರ್‌ಫೇಸಸ್
ಶೋ ಐಪಿ ಟ್ರಾಫಿಕ್
ಶೋ ಐಪಿ ಎಆರ್‌ಪಿ
ಶೋ ಮೆಮೊರಿ ಸ್ಟ್ಯಾಟಿಸ್ಟಿಕ್ಸ್
ಶೋ ಲಾಗಿಂಗ್

ಮೂವತ್ತು ಸೆಕೆಂಡ್ ಬಿಟ್ಟು ಇಂಟರ್‌ಫೇಸ್ ಮತ್ತು ಟ್ರಾಫಿಕ್ ಕಮಾಂಡ್‌ಗಳನ್ನು ಇನ್ನೊಮ್ಮೆ ಕೊಡಿ. ಅಲ್ಲಿರುವುದು ಏರುತ್ತಾ ಹೋಗುವ ಲೆಕ್ಕ. ಒಂದೇ ಸಲ ನೋಡಿದರೆ ಅದು ಇವತ್ತಿನದೋ ಆರು ತಿಂಗಳ ಹಿಂದಿನದೋ ತಿಳಿಯದು. ಎರಡು ಸಲ ತೆಗೆದು ಕಳೆದರೆ ಈಗ ಏನು ಓಡುತ್ತಿದೆ ಎಂದು ಕಾಣುತ್ತದೆ. ಇಷ್ಟಾದ ಮೇಲೆ ಬೇಕಿದ್ದರೆ ರೀಸ್ಟಾರ್ಟ್ ಮಾಡಿ.

ಓರೆಗೆರೆಯ ಆಚೆ ಈಚೆ

ಸಿಪಿಯು ಕಮಾಂಡ್ ಕೊಟ್ಟಾಗ ಮೇಲಿನ ಸಾಲಿನಲ್ಲಿ ಐದು ಸೆಕೆಂಡಿನ ಲೆಕ್ಕ 97%/12% ಎಂಬ ಹಾಗೆ ಬರುತ್ತದೆ. ಬಹಳ ಜನ 97 ನೋಡಿ ಗಾಬರಿಯಾಗುತ್ತಾರೆ, ಪಕ್ಕದ 12 ನೋಡುವುದಿಲ್ಲ. ಇಡೀ ತಪಾಸಣೆ ನಿಂತಿರುವುದು ಆ ಎರಡನೇ ಅಂಕಿಯ ಮೇಲೆ.

ಮೊದಲನೆಯದು ಒಟ್ಟು ಲೋಡ್. ಎರಡನೆಯದು ಇಂಟರಪ್ಟ್ ಮಟ್ಟದ ಲೋಡ್, ಅಂದರೆ ಮುಖ್ಯವಾಗಿ ಪ್ಯಾಕೆಟ್‌ಗಳನ್ನು ಬಂದ ಹಾಗೆ ಮುಂದಕ್ಕೆ ದಾಟಿಸುವ ಕೆಲಸ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಒಳಗಿನ ಪ್ರೊಸೆಸ್‌ಗಳು ತಿನ್ನುತ್ತಿರುವ ಪಾಲು. 97%/12% ಅಂದರೆ ಶೇ. 85ರಷ್ಟು ಯಾವುದೋ ಪ್ರೊಸೆಸ್ ತಿನ್ನುತ್ತಿದೆ. ಅದರ ಹೆಸರು ಕೆಳಗಿನ ಪಟ್ಟಿಯಲ್ಲೇ ಮೊದಲ ಸಾಲಿನಲ್ಲಿ ಇರುತ್ತದೆ. 97%/90% ಆಗಿದ್ದರೆ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲ ಸೊನ್ನೆ ಸೊನ್ನೆ ಕಾಣುತ್ತದೆ. ಆಗ ಟ್ರಾಫಿಕ್ ನೋಡಬೇಕು. ದಾರಿ ಇಲ್ಲೇ ಎರಡಾಗಿ ಒಡೆಯುತ್ತದೆ. ತಪ್ಪು ದಾರಿ ಹಿಡಿದರೆ ಅರ್ಧ ದಿನ ಹೋಯಿತು.

ಹಿಸ್ಟರಿ ಕಮಾಂಡ್ ನಕ್ಷತ್ರ ಮತ್ತು ಹ್ಯಾಶ್ ಚಿಹ್ನೆಗಳಲ್ಲಿ ಮೂರು ಚಿತ್ರ ಬರೆದು ತೋರಿಸುತ್ತದೆ: ಹಿಂದಿನ 60 ಸೆಕೆಂಡು, 60 ನಿಮಿಷ, 72 ಗಂಟೆ. ಹೊಸದು ಎಡಕ್ಕೆ, ಹಳೆಯದು ಬಲಕ್ಕೆ. ನಿಮಿಷ, ಗಂಟೆಯ ಚಿತ್ರಗಳಲ್ಲಿ ನಕ್ಷತ್ರ ಅಂದರೆ ಆ ಹೊತ್ತಿನ ಗರಿಷ್ಠ, ಹ್ಯಾಶ್ ಅಂದರೆ ಸರಾಸರಿ. ನಕ್ಷತ್ರ ಮಾತ್ರ ಮೇಲೆ ಹೋಗಿ ಹ್ಯಾಶ್ ಕೆಳಗೇ ಇದ್ದರೆ ಚಿಂತೆ ಬೇಡ, ಕ್ಷಣಕ್ಕೆ ಏರಿ ಇಳಿದಿದೆ ಅಷ್ಟೆ. ಬಿಜಿಪಿ (ದೊಡ್ಡ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪದ್ಧತಿ) ಓಡುವ ರೂಟರ್‌ನಲ್ಲಿ ನಿಮಿಷಕ್ಕೊಮ್ಮೆ ಹೀಗೆ ಮುಳ್ಳು ಎದ್ದಿರುವುದು ಸಹಜ. ಬಿಜಿಪಿ ಸ್ಕ್ಯಾನರ್ 60 ಸೆಕೆಂಡಿಗೊಮ್ಮೆ ಪಟ್ಟಿ ಪೂರ್ತಿ ನೋಡುತ್ತದೆ. ಹ್ಯಾಶ್ ಚಿಹ್ನೆಯೇ ಶೇ. 80, 90ರಲ್ಲಿ ಗೋಡೆ ಕಟ್ಟಿ ನಿಂತಿದ್ದರೆ ಆಗ ಕೆಲಸ ಇದೆ ಎಂದರ್ಥ.

ಪೀಣ್ಯದಲ್ಲಿ ಕಂಡದ್ದು

ಆ ಕಾರ್ಖಾನೆಯಲ್ಲಿ ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಎಆರ್‌ಪಿ ಇನ್‌ಪುಟ್, ಅಂದರೆ ಎಆರ್‌ಪಿ ಸಂದೇಶಗಳನ್ನು ನೋಡಿಕೊಳ್ಳುವ ಪ್ರೊಸೆಸ್. ಆಶ್ಚರ್ಯವಾಯಿತು. ಅರವತ್ತು ಜನರ ಜಾಗ, ಎಲ್ಲ ಸೇರಿ ನೂರೈವತ್ತು ಸಾಧನ ಇದ್ದರೆ ಹೆಚ್ಚು. ಎಆರ್‌ಪಿ ಪಟ್ಟಿ ತೆರೆದರೆ ಸಾಲು ಮುಗಿಯುತ್ತಲೇ ಇಲ್ಲ. 11,000ಕ್ಕೂ ಜಾಸ್ತಿ. ಎಲ್ಲ ಹೊರಗಿನ ಐಪಿಗಳು. ಬಲಗಡೆ ನೋಡಿದರೆ ಸಾಲಿನಿಂದ ಸಾಲಿಗೆ ಒಂದೇ ಹಾರ್ಡ್‌ವೇರ್ ವಿಳಾಸ, ಪುಟಗಟ್ಟಲೆ. ಅದು ಇಂಟರ್ನೆಟ್ ಕೊಡುವವರ ಕಡೆಯ ಸಾಧನದ ವಿಳಾಸ.

ಆದದ್ದು ಇಷ್ಟು. ಮೊದಲು ಅಲ್ಲಿ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನ್ ಇತ್ತು. ಅದರಲ್ಲಿ ಡೀಫಾಲ್ಟ್ ರೂಟನ್ನು (ಹೊರಗಿನ ಎಲ್ಲ ವಿಳಾಸಕ್ಕೂ ಇರುವ ಒಂದೇ ದಾರಿ) ಡಯಲರ್ ಇಂಟರ್‌ಫೇಸ್‌ಗೆ ತೋರಿಸಿದರೆ ಸಾಕು. ಆ ಕೊನೆಯಲ್ಲಿ ಇರುವವನು ಒಬ್ಬನೇ, ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಇಲ್ಲ. ಆಮೇಲೆ ಲೀಸ್ಡ್ ಲೈನ್ ಬಂತು, ಈಥರ್ನೆಟ್ ಪೋರ್ಟಿಗೆ. ನಾನು ಹಳೆಯ ರೂಢಿಯಲ್ಲೇ ಪೋರ್ಟಿನ ಹೆಸರು ಮಾತ್ರ ಕೊಟ್ಟೆ, ಮುಂದಿನ ಗೇಟ್‌ವೇಯ, ಅಂದರೆ ಇಂಟರ್ನೆಟ್ ಕೊಡುವವರ ಕಡೆಯ ಸಾಧನದ, ಐಪಿ ಬರೆಯಲಿಲ್ಲ. ಹಾಗೆ ಬರೆದರೆ ಇಡೀ ಇಂಟರ್ನೆಟ್ ಈ ತಂತಿಗೇ ನೇರ ಅಂಟಿಕೊಂಡಿದೆ ಎಂದು ರೂಟರ್ ತಿಳಿಯುತ್ತದೆ. ಯಾರೋ ಒಂದು ವಿಡಿಯೊ ತೆರೆದರೂ ಆ ಸರ್ವರ್‌ನ ಐಪಿಗೆ "ನೀನು ಯಾರು?" ಎಂದು ಎಆರ್‌ಪಿ ಕೂಗು ಹಾಕುತ್ತದೆ. ಆ ಕಡೆಯಲ್ಲಿ ಪ್ರಾಕ್ಸಿ ಎಆರ್‌ಪಿ ಆನ್ ಇದ್ದರೆ ಎಲ್ಲದಕ್ಕೂ "ನಾನೇ" ಎಂಬ ಉತ್ತರ ಬರುತ್ತದೆ. ಅದಕ್ಕೇ ನೆಟ್ ನಡೆಯುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹನ್ನೊಂದು ಗಂಟೆಯೇ ಯಾಕೆ? ಸಿಸ್ಕೋದಲ್ಲಿ ಎಆರ್‌ಪಿ ನಮೂದು ಸುಮ್ಮನೆ ಬಿಟ್ಟರೆ 4 ಗಂಟೆ ಉಳಿಯುತ್ತದೆ. ಬೆಳಗ್ಗೆ ಎಂಟಕ್ಕೆ ಪಾಳಿ ಶುರು. ಆಗಿನಿಂದ ಸೇರಿದ್ದು ಯಾವುದೂ ಹೋಗಿರುವುದಿಲ್ಲ, ರಾಶಿ ಬೆಳೆಯುತ್ತಲೇ ಇರುತ್ತದೆ. ಹನ್ನೊಂದಕ್ಕೆ ಟೀ ಬಿಡುವು. ಎಲ್ಲರ ಮೊಬೈಲ್ ಒಟ್ಟಿಗೆ ವೈಫೈಗೆ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ರಾಶಿ ಖಾಲಿ, ಅದಕ್ಕೇ ಸಂಜೆವರೆಗೆ ನೆಮ್ಮದಿ. ರೂಟ್‌ಗೆ ಗೇಟ್‌ವೇ ಐಪಿ ಸೇರಿಸಿ ಹಳೆಯ ಸಾಲು ತೆಗೆದೆ, ಎಆರ್‌ಪಿ ಪಟ್ಟಿ ತೆರವು ಮಾಡಿದೆ. ಲೋಡ್ ಶೇ. 14ಕ್ಕೆ ಇಳಿಯಿತು. ಹೊಸ ರೂಟರ್ ಕೊಟೇಶನ್ ಫೈಲಿನಲ್ಲೇ ಉಳಿಯಿತು.

ಎಆರ್‌ಪಿ ಇನ್‌ಪುಟ್ ಮೇಲೆ ಇದ್ದು ಪಟ್ಟಿಯಲ್ಲಿ ವಿಳಾಸದ ಜಾಗದಲ್ಲಿ "ಇನ್‌ಕಂಪ್ಲೀಟ್" ಎಂದು ತುಂಬಿದ್ದರೆ ಅದು ಬೇರೆ ಕತೆ. ಒಳಗಿನ ಯಾವುದೋ ಕಂಪ್ಯೂಟರ್ ಇಲ್ಲದ ಐಪಿಗಳನ್ನೆಲ್ಲ ಒಂದೊಂದಾಗಿ ತಟ್ಟುತ್ತಿದೆ. ವೈರಸ್ ಇರಬಹುದು, ಯಾರೋ ಸ್ಕ್ಯಾನರ್ ಬಿಟ್ಟಿರಬಹುದು.

ಬೇರೆ ಹೆಸರುಗಳು ಬಂದರೆ

ಐಪಿ ಇನ್‌ಪುಟ್ ಮೇಲೆ ಇದ್ದರೆ, ಸಿಇಎಫ್ ಎಂಬ ವೇಗದ ದಾರಿಯಲ್ಲಿ ಸಲೀಸಾಗಿ ಹೋಗಬೇಕಾದ ಪ್ಯಾಕೆಟ್‌ಗಳು ಒಂದೊಂದೂ ಪ್ರೊಸೆಸರ್ ಮುಂದೆ ಬಂದು ಕೂರುತ್ತಿವೆ ಎಂದರ್ಥ. ಯಾಕೆ ಬರುತ್ತವೆ? ಸಿಇಎಫ್ ಆಫ್ ಆಗಿರಬಹುದು. ಆಕ್ಸೆಸ್ ಲಿಸ್ಟ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಕೊನೆಗೆ ಯಾರೋ "ಲಾಗ್" ಎಂದು ಸೇರಿಸಿ ಮರೆತಿರಬಹುದು. ಇದನ್ನು ನಾನು ಬಹಳ ಕಡೆ ನೋಡಿದ್ದೇನೆ. ರೂಟಿಂಗ್ ಲೂಪ್ ಆಗಿ ಪ್ಯಾಕೆಟ್ ಎರಡು ರೂಟರ್ ನಡುವೆ ಚೆಂಡಿನ ಹಾಗೆ ಓಡಾಡಿ ಟಿಟಿಎಲ್ (ಇನ್ನೆಷ್ಟು ರೂಟರ್ ದಾಟಬಹುದು ಎಂಬ ಲೆಕ್ಕ) ಮುಗಿದು ಸಾಯುತ್ತಿರಬಹುದು. ಆಗ ಶೋ ಐಪಿ ಟ್ರಾಫಿಕ್‌ನಲ್ಲಿ "ಬ್ಯಾಡ್ ಹಾಪ್ ಕೌಂಟ್" ದಡದಡ ಏರುತ್ತದೆ. ಯಾವ ಪೋರ್ಟಿನಿಂದ ಬರುತ್ತಿದೆ ಎಂದು ಶೋ ಇಂಟರ್‌ಫೇಸಸ್ ಸ್ಟ್ಯಾಟ್ಸ್ ಹೇಳುತ್ತದೆ. ಪ್ರೊಸೆಸರ್ ಮತ್ತು ರೂಟ್ ಕ್ಯಾಶ್ ಎಂಬ ಎರಡು ಸಾಲು ಇರುತ್ತವೆ, ಪ್ರೊಸೆಸರ್ ಸಾಲು ದೊಡ್ಡದಿರುವ ಪೋರ್ಟ್ ಹಿಡಿಯಿರಿ. ಆಮೇಲೆ ಆ ಪೋರ್ಟಿನ ಮೇಲೆ ಶೋ ಬಫರ್ಸ್ ಇನ್‌ಪುಟ್-ಇಂಟರ್‌ಫೇಸ್ ಕೊಟ್ಟರೆ ಸರದಿಯಲ್ಲಿ ಸಿಕ್ಕಿಕೊಂಡಿರುವ ಪ್ಯಾಕೆಟ್‌ಗಳ ಮೂಲ ಐಪಿ, ಗುರಿ ಐಪಿ ಕಾಣುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಲೋಡ್ ಜಾಸ್ತಿ ಇರುವ ರೂಟರ್ ಮೇಲೆ ಪ್ರತಿ ಪ್ಯಾಕೆಟ್ಟಿನ ವಿವರ ಬರೆಯುವ ಡೀಬಗ್ ಐಪಿ ಪ್ಯಾಕೆಟ್ ಹಾಕಬೇಡಿ. ಕುತ್ತಿಗೆವರೆಗೆ ಮುಳುಗಿದವನ ತಲೆ ಮೇಲೆ ಕಲ್ಲಿಟ್ಟ ಹಾಗೆ. ಹಳೆಯ ಡೀಬಗ್ ಯಾವುದಾದರೂ ಉಳಿದಿದ್ದರೆ ಅನ್‌ಡೀಬಗ್ ಆಲ್ ಕೊಟ್ಟು ತೆಗೆಯಿರಿ. ನೋ ಲಾಗಿಂಗ್ ಕನ್ಸೋಲ್ ಕೂಡ ಕೊಡಿ. ಕನ್ಸೋಲ್ ವೇಗ 9600, ಅಂದರೆ ಸೆಕೆಂಡಿಗೆ 960 ಅಕ್ಷರದಷ್ಟು. ಲಾಗ್ ಸಾಲುಗಳು ಅದಕ್ಕಿಂತ ಬೇಗ ಬಂದರೆ ಅವನ್ನು ಬರೆಯುವುದರಲ್ಲೇ ರೂಟರ್ ಸುಸ್ತಾಗುತ್ತದೆ.

ಎಸ್‌ಎನ್‌ಎಂಪಿ (ದೂರದಿಂದ ರೂಟರ್ ಸ್ಥಿತಿ ಕೇಳುವ ಪದ್ಧತಿ) ಇಂಜಿನ್ ಮೇಲೆ ಬಂದರೆ ಯಾವುದೋ ಮಾನಿಟರಿಂಗ್ ಸಾಫ್ಟ್‌ವೇರ್ ಇಡೀ ರೂಟಿಂಗ್ ಪಟ್ಟಿಯನ್ನೋ ಎಆರ್‌ಪಿ ಪಟ್ಟಿಯನ್ನೋ ಪದೇ ಪದೇ ಕೇಳುತ್ತಿದೆ. ಅದನ್ನು ಬಿಡಿಸಿ, ಅಷ್ಟೇ.

ಎರಡನೇ ಅಂಕಿ ದೊಡ್ಡದಿದ್ದರೆ

97%/90% ಅಂದರೆ ರೂಟರ್ ತನ್ನ ಕೆಲಸವನ್ನೇ ಮಾಡುತ್ತಿದೆ, ಕೆಲಸ ಮಿತಿ ಮೀರಿದೆ. ಇಲ್ಲಿ ಎಲ್ಲರೂ ಎಂಬಿಪಿಎಸ್ ನೋಡುತ್ತಾರೆ. ನೋಡಬೇಕಾದದ್ದು ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಎಂಬುದನ್ನು. 100 ಎಂಬಿಪಿಎಸ್ ಲೈನ್ 1500 ಬೈಟಿನ ದೊಡ್ಡ ಪ್ಯಾಕೆಟ್‌ಗಳಿಂದ ತುಂಬಿದರೆ ಸೆಕೆಂಡಿಗೆ ಸುಮಾರು 8,100. ಅದೇ ಲೈನ್ 64 ಬೈಟಿನ ಪುಟ್ಟ ಫ್ರೇಮ್‌ಗಳಿಂದ ತುಂಬಿದರೆ 1,48,810. ಹದಿನೆಂಟು ಪಟ್ಟು ಜಾಸ್ತಿ! ರೂಟರ್‌ಗೆ ಪ್ಯಾಕೆಟ್ ದೊಡ್ಡದಾದರೂ ಚಿಕ್ಕದಾದರೂ ಪ್ರತಿಯೊಂದಕ್ಕೂ ವಿಳಾಸ ನೋಡುವ ಕೆಲಸ ಒಂದೇ. ಹಾಗಾಗಿ ಲೈನ್ ಅರ್ಧವೂ ತುಂಬಿಲ್ಲ, ರೂಟರ್ ಸಾಯುತ್ತಿದೆ ಎಂದರೆ ಶೋ ಇಂಟರ್‌ಫೇಸಸ್‌ನಲ್ಲಿ ಬಿಟ್ಸ್ ಲೆಕ್ಕವನ್ನು ಪ್ಯಾಕೆಟ್ ಲೆಕ್ಕದಿಂದ ಭಾಗಿಸಿ. ಸರಾಸರಿ ಪ್ಯಾಕೆಟ್ ಬಹಳ ಚಿಕ್ಕದು ಬಂದರೆ ದಾಳಿ ಅಥವಾ ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಹೋಗುವ ಪ್ಯಾಕೆಟ್) ಪ್ರವಾಹದ ಅನುಮಾನ ಇಟ್ಟುಕೊಳ್ಳಿ.

ಪ್ರವಾಹಕ್ಕೆ ನಮ್ಮ ಊರಿನ ಆಫೀಸುಗಳಲ್ಲಿ ಸಾಮಾನ್ಯ ಕಾರಣ ಮೇಜಿನ ಕೆಳಗಿನ ಎಂಟು ಪೋರ್ಟಿನ ಸ್ವಿಚ್. ಸೀಟು ಬದಲಾಯಿಸುವಾಗ ನೇತಾಡುವ ಕೇಬಲ್ ಕಂಡು ಯಾರೋ ಒಳ್ಳೆಯ ಮನಸ್ಸಿನಿಂದಲೇ ಖಾಲಿ ಪೋರ್ಟಿಗೆ ಚುಚ್ಚುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿ ಇರುತ್ತದೆ. ಆಗ ಸ್ವಿಚ್‌ನ ದೀಪಗಳನ್ನು ನೋಡಿ. ಸರಿ ಇದ್ದಾಗ ಒಂದೊಂದು ಒಂದೊಂದು ಲಯದಲ್ಲಿ ಮಿಣುಕುತ್ತದೆ. ಲೂಪ್ ಆದಾಗ ಎಲ್ಲ ಒಟ್ಟಿಗೆ, ಒಂದೇ ಸಮ, ಬಿಡುವಿಲ್ಲದೆ ಮಿಣುಕುತ್ತವೆ. ಒಂದೊಂದೇ ಕೇಬಲ್ ತೆಗೆಯುತ್ತಾ ಬನ್ನಿ, ಎಲ್ಲಿ ದೀಪ ಶಾಂತವಾಗುತ್ತದೋ ಅಲ್ಲಿ ಲೂಪ್ ಇದೆ. ಮುಖ್ಯ ಸ್ವಿಚ್‌ನಲ್ಲಿ ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ, ಪ್ರವಾಹಕ್ಕೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲ್ ಹಾಕಿಟ್ಟರೆ ಇಷ್ಟು ಹುಡುಕಾಟ ಬೇಕಾಗುವುದಿಲ್ಲ.

ದೊಡ್ಡವರಿಗೂ ಇಂಥದ್ದು ಬಂದಿದೆ. 2014ರ ಆಗಸ್ಟ್ 12ರಂದು ಜಗತ್ತಿನ ಬಿಜಿಪಿ ಪಟ್ಟಿ 512 ಕೆ, ಅಂದರೆ ಸುಮಾರು 5,12,000 ನಮೂದುಗಳ ಗಡಿ ದಾಟಿತು. ಬಹಳಷ್ಟು ಹಳೆಯ ಯಂತ್ರಗಳಲ್ಲಿ ಟಿಕ್ಯಾಮ್ ಎಂಬ ವೇಗದ ಮೆಮೊರಿಯಲ್ಲಿ ಐಪಿವಿ4ಗೆ ಮೀಸಲಿದ್ದ ಜಾಗ ಅಷ್ಟೇ. ಹಿಡಿಸದ ನಮೂದುಗಳ ಟ್ರಾಫಿಕ್ ಪ್ರೊಸೆಸರ್ ಮೇಲೆ ಬಿತ್ತು, ಹಲವು ಕಡೆ ನೆಟ್ ಕುಂಟಿತು. ನಿಮ್ಮಲ್ಲಿ ಪೂರ್ತಿ ಬಿಜಿಪಿ ಪಟ್ಟಿ ತೆಗೆದುಕೊಳ್ಳುವ ರೂಟರ್ ಇದ್ದರೆ ಅದರ ಮಿತಿ ಎಷ್ಟು ಎಂದು ಇವತ್ತೇ ನೋಡಿ. ಒಂದೇ ಲೈನ್ ಇರುವವರಿಗೆ ಪೂರ್ತಿ ಪಟ್ಟಿ ಬೇಕೇ ಇಲ್ಲ, ಡೀಫಾಲ್ಟ್ ರೂಟ್ ಸಾಕು.

ಐಒಎಸ್ ಎಕ್ಸ್ಇ ಓಡುವ ಹೊಸ ಮಾದರಿಗಳಲ್ಲಿ ಪ್ಯಾಕೆಟ್ ದಾಟಿಸುವ ಕೆಲಸ ಬೇರೆ ಕಡೆ ನಡೆಯುತ್ತದೆ. ಅಲ್ಲಿ ಹಳೆಯ ಕಮಾಂಡ್ ಐಒಎಸ್ ಭಾಗವನ್ನು ಮಾತ್ರ ತೋರಿಸುತ್ತದೆ. ಶೋ ಪ್ರೊಸೆಸಸ್ ಸಿಪಿಯು ಪ್ಲಾಟ್‌ಫಾರ್ಮ್ ಸಾರ್ಟೆಡ್ ಕೂಡ ನೋಡಿ.

ಪಿಜಿ, ಅಪಾರ್ಟ್‌ಮೆಂಟ್‌ಗಳ ಮೈಕ್ರೋಟಿಕ್

ಬಿಟಿಎಂ, ಮಾರತ್ತಹಳ್ಳಿ ಕಡೆಯ ಪಿಜಿಗಳಲ್ಲಿ ನಾನು ಜಾಸ್ತಿ ನೋಡುವುದು ಮೈಕ್ರೋಟಿಕ್. ಅದನ್ನು ನಿಭಾಯಿಸುವ ವಿನ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲಿ ಟೂಲ್ಸ್ ಒಳಗೆ ಪ್ರೊಫೈಲ್ ತೆರೆದರೆ ಪ್ರೊಸೆಸರ್ ಎಲ್ಲಿ ಹೋಗುತ್ತಿದೆ ಎಂದು ಹೆಸರು ಸಮೇತ ಬರುತ್ತದೆ. "ಡಿಎನ್ಎಸ್" (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕುವ ಕೆಲಸ) ಮೇಲೆ ಇದ್ದರೆ ಮೊದಲ ಅನುಮಾನ ಒಂದೇ. ಅಲೋ ರಿಮೋಟ್ ರಿಕ್ವೆಸ್ಟ್ಸ್ ಆನ್ ಆಗಿದೆ, ಹೊರಗಿನಿಂದ 53ನೇ ಪೋರ್ಟ್ ತೆರೆದಿದೆ. ನಿಮ್ಮ ರೂಟರ್ ಈಗ ಊರಿಗೆಲ್ಲ ಡಿಎನ್ಎಸ್ ಸರ್ವರ್, ಅದನ್ನು ಬಳಸಿ ಬೇರೆಯವರ ಮೇಲೆ ದಾಳಿ ನಡೆಯುತ್ತಿರಬಹುದು. ಒಳಗಿನವರಿಗೆ ಆ ಆಯ್ಕೆ ಬೇಕು, ಅದನ್ನು ತೆಗೆಯುವ ಬದಲು ಫೈರ್‌ವಾಲ್‌ನ ಇನ್‌ಪುಟ್ ಚೈನ್‌ನಲ್ಲಿ ಹೊರಗಿನ ಪೋರ್ಟಿನಿಂದ ಬರುವ 53, ಯುಡಿಪಿ ಮತ್ತು ಟಿಸಿಪಿ ಎರಡನ್ನೂ ಡ್ರಾಪ್ ಮಾಡಿ. "ಫೈರ್‌ವಾಲ್" ಮೇಲೆ ಇದ್ದರೆ ನಿಯಮಗಳ ಸರದಿ ನೋಡಿ. ಈಗಾಗಲೇ ಒಪ್ಪಿದ ಸಂಪರ್ಕಗಳನ್ನು ಬಿಡುವ ನಿಯಮ ಮೇಲೆಯೇ ಇರಬೇಕು. ಫಾಸ್ಟ್‌ಟ್ರ್ಯಾಕ್ (ಒಪ್ಪಿದ ಸಂಪರ್ಕಗಳನ್ನು ಅಡ್ಡದಾರಿಯಲ್ಲಿ ಬೇಗ ಬಿಡುವುದು) ಹಾಕಿದರೆ ಲೋಡ್ ಚೆನ್ನಾಗಿ ಇಳಿಯುತ್ತದೆ. ಆದರೆ ಅದು ಸ್ಪೀಡ್ ಹಂಚುವ ಸಿಂಪಲ್ ಕ್ಯೂಗಳನ್ನು ದಾಟಿ ಹೋಗುತ್ತದೆ. ರೂಮಿಗಿಷ್ಟು ಸ್ಪೀಡ್ ಎಂದು ಹಂಚಿರುವ ಪಿಜಿಯಲ್ಲಿ ಆ ಹಂಚಿಕೆ ಕೆಡುತ್ತದೆ.

ಹಳೆಯ ವರ್ಶನ್ ಇದ್ದರೆ ಅಪ್‌ಡೇಟ್ ಮಾಡಿ. 2018ರಲ್ಲಿ ವಿನ್‌ಬಾಕ್ಸ್‌ನಲ್ಲಿದ್ದ ತೂತಿನಿಂದ ಎಷ್ಟೋ ರೂಟರ್‌ಗಳ ಪಾಸ್‌ವರ್ಡ್ ಕದ್ದು, ಬಳಸುವವರ ಬ್ರೌಸರ್‌ಗೆ ಕ್ರಿಪ್ಟೋ ನಾಣ್ಯ ಅಗೆಯುವ ಸ್ಕ್ರಿಪ್ಟ್ ತಳ್ಳಿದ್ದರು. ಅಪ್‌ಡೇಟ್ ಆದ ಮೇಲೆ ಪಾಸ್‌ವರ್ಡ್ ಬದಲಿಸಿ, ಶೆಡ್ಯೂಲರ್‌ನಲ್ಲಿ ನೀವು ಹಾಕದ ಸ್ಕ್ರಿಪ್ಟ್ ಇದೆಯಾ ನೋಡಿ.

ತಾನೇ ಬಿದ್ದು ಎದ್ದರೆ

ಸಿಸ್ಕೋದಲ್ಲಿ ಶೋ ವರ್ಶನ್ ಕೊಡಿ. "ಸಿಸ್ಟಮ್ ರಿಟರ್ನ್ಡ್ ಟು ರೋಮ್ ಬೈ" ಎಂಬ ಸಾಲು ಹುಡುಕಿ. ಬೈ ಆದ ಮೇಲೆ ಏನಿದೆ ಎಂಬುದೇ ಉತ್ತರ.

"ಪವರ್-ಆನ್" ಅಂದರೆ ಅದು ಕ್ರ್ಯಾಶ್ ಅಲ್ಲ, ಕರೆಂಟ್. ನಮ್ಮಲ್ಲಿ ಅರ್ಧ ದೂರು ಇಲ್ಲೇ ಮುಗಿಯುತ್ತದೆ. ಕರೆಂಟ್ ಹೋಗಿ ಜನರೇಟರ್ ಹತ್ತುವವರೆಗಿನ ಕೆಲವು ಸೆಕೆಂಡ್ ಯುಪಿಎಸ್ ತಡೆಯಬೇಕು. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಬರೀ ಪೆಟ್ಟಿಗೆ. ಪ್ಲಗ್ ಕಿತ್ತು ಪರೀಕ್ಷೆ ಮಾಡಿ, ಆದರೆ ಆಫೀಸ್ ಮುಗಿದ ಮೇಲೆ. ಸಣ್ಣ ರೂಟರ್ ಆದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಸುಮ್ಮನಿದ್ದಾಗ 12 ವೋಲ್ಟ್ ಸರಿಯಾಗಿ ತೋರಿಸುವ ಅಡಾಪ್ಟರ್ ಲೋಡ್ ಬಿದ್ದ ತಕ್ಷಣ ಕುಸಿಯಬಹುದು. ಅದೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವುದು ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಪಿನ್ ಅಳತೆಗೆ ಹಳೆಯದನ್ನು ಜೊತೆಗೇ ಒಯ್ಯಿರಿ.

"ಬಸ್ ಎರರ್" ಅಥವಾ "ಸಾಫ್ಟ್‌ವೇರ್ ಫೋರ್ಸ್ಡ್ ಕ್ರ್ಯಾಶ್" ಬಂದರೆ ಬಹುತೇಕ ಸಾಫ್ಟ್‌ವೇರ್ ದೋಷ. "ಪ್ಯಾರಿಟಿ ಎರರ್" ಅಂದರೆ ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದೆ. ಒಂದೇ ಸಲ ಆದರೆ ಬರೆದಿಟ್ಟು ಕಾಯಿರಿ, ಮತ್ತೆ ಆದರೆ ಮೆಮೊರಿ ಬದಲಿಸಿ. "ವಾಚ್‌ಡಾಗ್" ಅಂದರೆ ಯಾವುದೋ ಕೆಲಸ ಪ್ರೊಸೆಸರ್ ಬಿಡದೆ ಹಿಡಿದುಕೊಂಡು ಕೂತಿತ್ತು, ಲಾಗ್‌ನಲ್ಲಿ ಅದಕ್ಕೆ ಮೊದಲು ಸಿಪಿಯುಹಾಗ್ ಎಂಬ ಸಾಲು ಇದೆಯಾ ನೋಡಿ. ಮ್ಯಾಲಕ್‌ಫೇಲ್ ಎಂದಿದ್ದರೆ ಮೆಮೊರಿ ಮುಗಿದಿತ್ತು. ಹಾಗಿದ್ದಾಗ ಶೋ ಪ್ರೊಸೆಸಸ್ ಮೆಮೊರಿ ಸಾರ್ಟೆಡ್ ಅನ್ನು ಇವತ್ತು ಒಮ್ಮೆ, ನಾಳೆ ಅದೇ ಹೊತ್ತಿಗೆ ಒಮ್ಮೆ ತೆಗೆದು ಹೋಲ್ಡಿಂಗ್ ಕಾಲಂ ಪಕ್ಕ ಪಕ್ಕ ಇಟ್ಟು ನೋಡಿ. ಇಳಿಯದೆ ಏರುತ್ತಲೇ ಇರುವ ಪ್ರೊಸೆಸ್ ಸೋರುತ್ತಿದೆ.

ಮೈಕ್ರೋಟಿಕ್ ಲಾಗ್‌ನಲ್ಲಿ ಎದ್ದ ಕೂಡಲೇ ಕಾರಣ ಬರೆದಿರುತ್ತದೆ: ಕರೆಂಟ್ ಹೋಗಿರಬಹುದು, ವಾಚ್‌ಡಾಗ್, ಅಥವಾ ಕರ್ನಲ್ ಫೇಲ್ಯೂರ್. ಫೈಲ್ಸ್‌ನಲ್ಲಿ ಆಟೋಸಪ್‌ಔಟ್ ಎಂಬ ಫೈಲ್ ಇದ್ದರೆ ಇಳಿಸಿಕೊಳ್ಳಿ.

ಬಿಸಿಯನ್ನೂ ಮರೆಯಬೇಡಿ. ಸಣ್ಣ ರೂಟರ್‌ಗಳ ಮಿತಿ ಸಾಮಾನ್ಯವಾಗಿ 40 ಡಿಗ್ರಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊರಗಿನ ಗಾಳಿಯೇ 38 ದಾಟಿತ್ತು. ಮೆಟ್ಟಿಲ ಕೆಳಗೆ ಬಾಗಿಲು ಹಾಕಿದ ಗೂಡಿನಲ್ಲಿ, ಯುಪಿಎಸ್ ಮೇಲೆ ಕೂರಿಸಿದ ರೂಟರ್‌ಗೆ ಎಷ್ಟಾಗಿರಬೇಡ? ಮಧ್ಯಾಹ್ನ ಮಾತ್ರ ಬೀಳುತ್ತದೆ, ರಾತ್ರಿ ಬೀಳುವುದಿಲ್ಲ ಎಂದರೆ ಬಾಗಿಲು ತೆಗೆದು ಫ್ಯಾನ್ ಹಚ್ಚಿ ಎರಡು ದಿನ ನೋಡಿ. ಧೂಳು ಊದಿ ತೆಗೆಯಿರಿ.

ಮುಂದಿನ ಸಲಕ್ಕೆ ಸಾಕ್ಷಿ ಉಳಿಯಲಿ

ಗಡಿಯಾರ ಮೊದಲು. ಹೊತ್ತು ಸಿಗದ ಹಳೆಯ ಸಿಸ್ಕೋ ರೂಟರ್ ಲಾಗ್‌ನಲ್ಲಿ ಸಾಲುಗಳು ಮಾರ್ಚ್ 1ರಿಂದ ಶುರುವಾಗಿ, ಮುಂದೊಂದು ನಕ್ಷತ್ರ ಹಾಕಿಕೊಂಡು ಬರುತ್ತವೆ. ಮೈಕ್ರೋಟಿಕ್ 1970ರ ಜನವರಿ ಎನ್ನುತ್ತದೆ. ಅಂಥ ಲಾಗ್ ಹಿಡಿದು ಕರೆಂಟ್ ಹೋದ ಹೊತ್ತಿಗೆ ಹೊಂದಿಸಲು ಆಗುವುದಿಲ್ಲ. ನೆಟ್‌ನಿಂದ ಹೊತ್ತು ತರುವ ಎನ್‌ಟಿಪಿ ಹಾಕಿ, ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30 ಕೊಡಿ. ಲಾಗನ್ನು ಬೇರೆ ಯಂತ್ರಕ್ಕೆ ಸಿಸ್‌ಲಾಗ್ ಮೂಲಕ ಕಳಿಸಿ, ಒಂದು ಹಳೆಯ ಕಂಪ್ಯೂಟರ್ ಸಾಕು. ಲೋಡ್ ಮಿತಿ ದಾಟಿದಾಗ ಲಾಗ್ ಬರೆಯಲು ಪ್ರೊಸೆಸ್ ಸಿಪಿಯು ಥ್ರೆಶೋಲ್ಡ್ ಟೈಪ್ ಟೋಟಲ್ ರೈಸಿಂಗ್ 80 ಇಂಟರ್ವಲ್ 5 ಎಂದು ಹಾಕಿ.

ಕ್ರ್ಯಾಶ್ ಸಾಫ್ಟ್‌ವೇರಿನದ್ದೇ ಎಂದು ಖಾತ್ರಿಯಾದರೆ ಫ್ಲ್ಯಾಶ್‌ನಲ್ಲಿ ಕ್ರ್ಯಾಶ್‌ಇನ್ಫೋ ಎಂದು ಶುರುವಾಗುವ ಫೈಲ್ ಇರುತ್ತದೆ. ಅದನ್ನು, ಶೋ ಟೆಕ್-ಸಪೋರ್ಟ್‌ನ ಪೂರ್ತಿ ಫೈಲನ್ನು, ಬಿದ್ದ ಹೊತ್ತನ್ನು, ಹಿಂದಿನ ಎರಡು ದಿನದಲ್ಲಿ ಏನು ಬದಲಿಸಿದಿರಿ ಎಂಬುದನ್ನು ಸೇರಿಸಿ ಕಂಪನಿಯ ಸಪೋರ್ಟ್‌ಗೆ ಕೇಸ್ ಹಾಕಿ. ಕಳಿಸುವ ಮೊದಲು ಫೈಲ್ ತೆರೆದು ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ (ಅದೂ ಪಾಸ್‌ವರ್ಡ್ ಇದ್ದ ಹಾಗೆ) ಇರುವ ಸಾಲುಗಳನ್ನು ಅಳಿಸಿ. ಐಒಎಸ್ ವರ್ಶನ್ ಬದಲಿಸಲು ಅವರು ಹೇಳಿದರೆ ಈಗಿನ ಇಮೇಜ್ ಮತ್ತು ಕಾನ್ಫಿಗ್ ಎರಡನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೇ ಕೈ ಹಾಕಿ.